ರುಬ್ಬುವ ಕಲ್ಲಿನ ಬಿಳಿ ಗೆರೆ

ಬಸವನಗುಡಿಯ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜಿಯ ಕಾಲದ ರುಬ್ಬುವ ಕಲ್ಲು ಸುಮ್ನೆ ಬಿದ್ದಿತ್ತು. ಅದರ ಮೇಲೆ ಅಡ್ಡಡ್ಡ ಬೆರಳಗಲದ ಒಂದು ಬಿಳಿ ಗೆರೆ. ಕಲ್ಲು ಬಿರುಕು ಬಿಟ್ಟಾಗ ಯಾರೋ ಸಿಮೆಂಟ್ ಮೆತ್ತಿದ್ದಾರೆ ಅಂತಲೇ ಎಲ್ಲರೂ ನಂಬಿದ್ದರು.

ಮೊನ್ನೆ ಒಂದು ಚೊಂಬು ನೀರು ಸುರಿದೆ. ಒಣಗಿದ್ದಾಗ ಬರೀ ಬೂದಿ ಬಣ್ಣ, ಒದ್ದೆಯಾದ ಕೂಡಲೇ ಮೈತುಂಬ ಕಪ್ಪು ಬಿಳಿ ಪಟ್ಟೆ! ನಮ್ಮ ಗೆರೆ ಗುಳಿಯೊಳಗೆ ಇಳಿದು, ಬಾಗಿ, ಆಚೆ ಕಡೆ ಹತ್ತಿ, ಕಲ್ಲಿನ ಹೊರಮೈಯಲ್ಲೂ ಅದೇ ನೇರಕ್ಕೆ ಸಿಕ್ಕಿತು. ಎರಡು ಬಣ್ಣದ ಬರ್ಫಿಯನ್ನು ಚಮಚದಲ್ಲಿ ತೋಡಿದರೆ ಪದರ ಬಾಗಿದ ಹಾಗೆ ಕಾಣುತ್ತದೆ ಅಲ್ವಾ, ಹಾಗೆ. ಅಂದರೆ ಅದು ಗೆರೆಯಲ್ಲ, ಕಲ್ಲಿನೊಳಗೆ ನಿಂತಿರುವ ಹಾಳೆ. ಮೆತ್ತಿದ್ದು ಹೀಗೆ ಆರಪಾರ ಹೋಗುವುದಿಲ್ಲ.

ಬೆರಳಾಡಿಸಿದರೆ ಗೆರೆ ಚೂರು ಉಬ್ಬಿದೆ. ಅದು ಬೆಣಚು, ಗಡಸುತನದ ಮೋಸ್ ಅಳತೆಯಲ್ಲಿ 7. ಪಕ್ಕದ ಕಪ್ಪು ಪಟ್ಟೆಯಲ್ಲಿ ಮಿಣಮಿಣ ಅನ್ನುವ ಕಾಗೆಬಂಗಾರ 3ರ ಆಸುಪಾಸು. ವರ್ಷಗಟ್ಟಲೆ ದೋಸೆ ಹಿಟ್ಟು ರುಬ್ಬಿ ಮೆತ್ತಗಿನದ್ದು ಸವೆದಿದೆ, ಗಟ್ಟಿ ಉಳಿದಿದೆ. ಚಾಕುವಿನಿಂದ ಗೀರಿದೆ, ಬೆಣಚಿನ ಮೇಲೆ ಗೀರೇ ಬೀಳಲಿಲ್ಲ. (ಮನೆಯ ಕಲ್ಲು ಅಂತ ಗೀರಿದ್ದು, ವೀರಗಲ್ಲಿನ ಮೇಲೆ ಈ ಪ್ರಯೋಗ ಬೇಡ.) ಇಂಥದ್ದೇ ಪಟ್ಟೆಗಳನ್ನು ದೊಡ್ಡದಾಗಿ ನೋಡಬೇಕಿದ್ದರೆ ಲಾಲ್‌ಬಾಗ್ ಬಂಡೆ ಹತ್ತಿ. ಕೆಂಪೇಗೌಡ ಗೋಪುರ ನಿಂತಿರುವ ಆ ಪಟ್ಟೆಪಟ್ಟೆ ‘ನೈಸ್’ (gneiss) ಶಿಲೆಗೆ ಸುಮಾರು 300 ಕೋಟಿ ವರ್ಷ.

ಎಲ್ಲ ಗುರುತೂ ಹೀಗೆ ಆಳಕ್ಕೆ ಇಳಿಯುವುದಿಲ್ಲ. ಸಿಂಧೂ ನಾಗರಿಕತೆಯ ಕುಶಲಕರ್ಮಿಗಳು ಕೆಂಪು ಕಾರ್ನೀಲಿಯನ್ ಮಣಿಗಳ ಮೇಲೆ ಕ್ಷಾರದಿಂದ ಗೆರೆ ಬರೆದು ಬೆಂಕಿಯಲ್ಲಿ ಕಾಯಿಸುತ್ತಿದ್ದರು, ಗೆರೆ ಬೆಳ್ಳಗಾಗುತ್ತಿತ್ತು. ಮಣಿಯ ಅಂಚು ಚೂರು ಒಡೆದಿದ್ದರೆ ಗುಟ್ಟು ಬಯಲು. ಬಿಳುಪು ಮೇಲ್ಮೈಯಲ್ಲೇ ನಿಂತಿರುತ್ತದೆ, ಅಗೇಟ್ ಅನ್ನುವ ಪಟ್ಟೆಕಲ್ಲಿನ ಸಹಜ ಪಟ್ಟೆಯಾದರೆ ಒಳಗೂ ಹೋಗಿರುತ್ತದೆ.

ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಗಿಡದ ಪಳೆಯುಳಿಕೆ ಅಂತ ಜಾಸ್ತಿ ದುಡ್ಡು ಕೊಟ್ಟು ತಂದ ಕಲ್ಲಿನ ಚಪ್ಪಡಿ ಈಗಲೂ ಮೇಜಿನ ಮೇಲಿದೆ. ಕಪ್ಪು ಜರೀಗಿಡದಂಥ ಚಿತ್ತಾರ, ನೋಡೋಕೆ ಏನೋ ಚೆಂದ. ಲೆನ್ಸ್ ಹಿಡಿದರೆ ಎಲೆಯ ನರ ಒಂದೂ ಇಲ್ಲ, ಕೊಂಬೆಗಳೆಲ್ಲ ಒಂದು ಸಣ್ಣ ಸೀಳಿನಿಂದ ಹೊರಟಿವೆ. ಸೀಳಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಅದು.

ಸಿಮೆಂಟ್ ಅಲ್ಲ ಅಂತ ಅಮ್ಮನಿಗೆ ಗೆರೆ ತೋರಿಸಿದೆ. ಅವರು ಬೆರಳಲ್ಲಿ ಸವರಿ, "ಇದೇ ನೋಡು, ಹಿಟ್ಟು ಇದರ ಪಕ್ಕದಲ್ಲೇ ಕಚ್ಕೊಂಡು ಕೂರ್ತಿತ್ತು, ತೊಳೆದೂ ತೊಳೆದೂ ಸಾಕಾಗ್ತಿತ್ತು" ಅಂದರು.