ವಿಲ್ಲಿ ಮೇಸ್ ಲೆಕ್ಕ ಹಾಕಲಿಲ್ಲ, ಓಡಿದ

"ಅದು ದೇವರು ಕೊಟ್ಟ ವರ" ಅಂತ ಒಂದು ಗುಂಪು. "ಇಲ್ಲ, ಅವನ ಮೆದುಳು ಕ್ಷಣದಲ್ಲಿ ಕ್ಯಾಲ್ಕುಲಸ್ ಬಿಡಿಸುತ್ತೆ" ಅಂತ ಇನ್ನೊಂದು ಗುಂಪು. ಎತ್ತರದ ಕ್ಯಾಚ್ ಹಿಡಿಯುವವರ ಬಗ್ಗೆ ಈ ಎರಡೂ ಮಾತು ಕೇಳಿ ಕೇಳಿ ಸಾಕಾಗಿದೆ. ಎರಡನೆಯದು ವಿಜ್ಞಾನದ ವೇಷ ಹಾಕಿಕೊಂಡು ಬರುತ್ತದೆ, ಹಾಗಾಗಿ ಕಿರಿಕಿರಿ ಇನ್ನೂ ಜಾಸ್ತಿ.

ಬೇಸ್‌ಬಾಲ್‌ನ ವಿಲ್ಲಿ ಮೇಸ್‌ನನ್ನೇ ತಗೊಳ್ಳಿ. 1931ರಲ್ಲಿ ಅಲಬಾಮಾದಲ್ಲಿ ಹುಟ್ಟಿದವನು. ಕಪ್ಪು ಆಟಗಾರರ ಪ್ರತ್ಯೇಕ ಲೀಗ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ಪರ ಆಡಿ, 1951ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಬಂದ. ಶುರುವಿನ 12 ಪ್ರಯತ್ನಗಳಲ್ಲಿ ಒಂದೂ ಹಿಟ್ ಇಲ್ಲ! ಮುಂದೆ 660 ಹೋಮ್ ರನ್ (ನಮ್ಮ ಸಿಕ್ಸರ್ ಥರದ್ದು) ಹೊಡೆದ, ಅದು ಎಲ್ಲರಿಗೂ ಗೊತ್ತು. ನನಗೆ ಖುಷಿ ಕೊಡೋದು ಬೇರೆ ಸಂಖ್ಯೆ: 7,095 ಪುಟ್‌ಔಟ್, ಅಂದ್ರೆ ತಾನೇ ಔಟ್ ಮಾಡಿದ್ದು. ಬಹುಪಾಲು ಓಡಿ ಹೋಗಿ ಗಾಳಿಯಲ್ಲೇ ಹಿಡಿದ ಚೆಂಡುಗಳು. ಮೈದಾನದ ದೂರದ ಭಾಗ ಕಾಯುವ ಬೇರೆ ಯಾವ ಔಟ್‌ಫೀಲ್ಡರ್ ಕೂಡ ಅಷ್ಟು ಮಾಡಿಲ್ಲ.

ಹೇಗೆ? ಸೆವಿಲ್ ಚಾಪ್‌ಮನ್ ಎಂಬ ಭೌತವಿಜ್ಞಾನಿ 1968ರಲ್ಲಿ ಒಂದು ಚಂದದ ಉತ್ತರ ಕೊಟ್ಟರು. ಚೆಂಡು ನೇರ ನಿಮ್ಮ ಕಡೆಗೇ ಬರುತ್ತಿದೆ ಅಂದುಕೊಳ್ಳಿ. ಅದು ಬೀಳುವ ಜಾಗದಲ್ಲೇ ನೀವು ನಿಂತಿದ್ದರೆ, ಚೆಂಡು ನಿಮ್ಮ ಕಣ್ಣಿಗೆ ಲಿಫ್ಟ್ ಥರ ಒಂದೇ ವೇಗದಲ್ಲಿ ಮೇಲೇರುತ್ತಾ ಕಾಣುತ್ತದೆ. ಅದು ನಿಜವಾಗಿ ಕೆಳಗಿಳಿಯಲು ಶುರುವಾದ ಮೇಲೂ ಅಷ್ಟೇ, ಯಾಕಂದ್ರೆ ಇಳಿಯುತ್ತಾ ಇಳಿಯುತ್ತಾ ಹತ್ತಿರವೂ ಬರುತ್ತಿರುತ್ತದೆ. (ಕರಾರುವಾಕ್ಕಾಗಿ ಹೇಳಬೇಕಂದ್ರೆ, ಗಾಳಿಯ ತಡೆ ಬಿಟ್ಟರೆ, ನೋಟದ ಕೋನದ ಟ್ಯಾಂಜೆಂಟ್ ಸಮನಾಗಿ ಏರುತ್ತದೆ.) ಏರುವ ವೇಗ ಹೆಚ್ಚುತ್ತಿದೆಯಾ? ಚೆಂಡು ತಲೆ ದಾಟಿ ಹೋಗುತ್ತದೆ, ಹಿಂದಕ್ಕೆ ಓಡಿ. ಕಮ್ಮಿಯಾಗುತ್ತಿದೆಯಾ? ಮುಂದಕ್ಕೆ ಬನ್ನಿ. ಎಲ್ಲಿ ಬೀಳುತ್ತದೆ ಅಂತ ಗೊತ್ತಿರಬೇಕಾಗೇ ಇಲ್ಲ. ಆ ಏರಿಕೆ ಏರುಪೇರಾಗದ ಹಾಗೆ ಓಡುತ್ತಿದ್ದರೆ ಸಾಕು, ಚೆಂಡು ಬರುವ ಹೊತ್ತಿಗೆ ನೀವು ಅಲ್ಲೇ ಇರುತ್ತೀರಿ. ನಡುವೆ ಗಾಳಿ ತಳ್ಳಿದರೂ ಕಣ್ಣು ಕಂಡುಹಿಡಿಯುತ್ತದೆ, ಕಾಲು ತಿದ್ದಿಕೊಳ್ಳುತ್ತದೆ. 2004ರಲ್ಲಿ ಫ್ರಿಸ್ಬೀ ಹಿಡಿಯುವ ನಾಯಿಗಳ ತಲೆಗೆ ಕ್ಯಾಮೆರಾ ಕಟ್ಟಿ ನೋಡಿದರು. ಅವುಗಳದ್ದೂ ಇಂಥದ್ದೇ ಉಪಾಯ. ನಾಯಿಗೆ ಕ್ಯಾಲ್ಕುಲಸ್ ಯಾವ ಮೇಷ್ಟ್ರು ಕಲಿಸಿದರೋ!

ಆದರೆ ತಮಾಷೆ ನೋಡಿ, ಮೇಸ್‌ನ ಅತಿ ಪ್ರಸಿದ್ಧ ಕ್ಯಾಚೇ ಈ ಸೂತ್ರಕ್ಕೆ ಪೂರ್ತಿ ಒಗ್ಗಲ್ಲ. 1954ರ ಸೆಪ್ಟೆಂಬರ್ 29, ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) ಮೊದಲ ಪಂದ್ಯ, ಜೈಂಟ್ಸ್‌ನ ತವರು ಮೈದಾನ ಪೋಲೋ ಗ್ರೌಂಡ್ಸ್. ಎಂಟನೇ ಇನಿಂಗ್ಸ್, 2-2, ರನ್ ಗಳಿಸಲು ಕಾಯುತ್ತಾ ಬೇಸ್‌ಗಳಲ್ಲಿ ಎದುರಾಳಿಯ ಇಬ್ಬರು. ಎದುರಾಳಿ ಕ್ಲೀವ್‌ಲ್ಯಾಂಡ್‌ನ ವಿಕ್ ವರ್ಟ್ಸ್ ಬಾರಿಸಿದ ಚೆಂಡು 400 ಅಡಿಗೂ ಆಚೆ ಹೊರಟಿತು. ಮೇಸ್ ಅದಕ್ಕೆ ಬೆನ್ನು ಹಾಕಿ ಗೋಡೆಯತ್ತ ಓಡಿದ. ನೋಡದೆ ತಿದ್ದಿಕೊಳ್ಳೋದು ಹೇಗೆ? ಬ್ಯಾಟಿಗೆ ತಾಗಿದ ರೀತಿ, ಅದರ ಸದ್ದು, ಸಾವಿರಾರು ಚೆಂಡು ಹಿಡಿದ ಅಂದಾಜು ಇವೂ ಬೇಕು ಅಂತಾಯ್ತಲ್ವಾ? ಕೊನೆಗೆ ತಲೆ ಎತ್ತಿ, ಭುಜದ ಮೇಲಿಂದ ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಗಿರ್ರನೆ ತಿರುಗಿ ಎಸೆದ. ಟೋಪಿ ಹಾರಿಹೋಯಿತು. ಒಂದೂ ರನ್ ಬರಲಿಲ್ಲ. ಅದೇ ಪಂದ್ಯದ 10ನೇ ಇನಿಂಗ್ಸ್‌ನಲ್ಲಿ ಜೈಂಟ್ಸ್‌ನ ಡಸ್ಟಿ ರೋಡ್ಸ್ ಹೊಡೆದದ್ದು ಸುಮಾರು 260 ಅಡಿ ಹೋಗಿ ಹೋಮ್ ರನ್ ಆಯಿತು, ಬಲಗಡೆ ಗೋಡೆ ಅಷ್ಟು ಹತ್ತಿರ. ವರ್ಟ್ಸ್‌ಗೆ ಹೊಟ್ಟೆ ಉರಿಯದೆ ಇರುತ್ತಾ?

1973ರ ವರ್ಲ್ಡ್ ಸೀರೀಸ್‌ನಲ್ಲಿ, 42ನೇ ವಯಸ್ಸಿನಲ್ಲಿ, ಮೇಸ್ ಓಕ್ಲೆಂಡ್‌ನ ಬಿಸಿಲಿನಲ್ಲಿ ಚೆಂಡು ಕಾಣದೆ ಎಡವಿದ. ವಯಸ್ಸಾಯ್ತು ಅಂತ ಎಲ್ಲರೂ ಈಗಲೂ ಅದನ್ನೇ ತೋರಿಸುತ್ತಾರೆ. ವಯಸ್ಸಾಗಿತ್ತು, ನಿಜ. ಆದರೆ ಸೂರ್ಯನ ಎದುರು ಚೆಂಡೇ ಮಾಯವಾದರೆ ಯಾವ ಪ್ರಾಯದ ಕಾಲಿಗೂ ತಿದ್ದಿಕೊಳ್ಳಲು ಏನೂ ಸಿಗಲ್ಲ. ಅದೇ ಪಂದ್ಯದ 12ನೇ ಇನಿಂಗ್ಸ್‌ನಲ್ಲಿ ತನ್ನ ಆಗಿನ ತಂಡ ನ್ಯೂಯಾರ್ಕ್ ಮೆಟ್ಸ್‌ಗೆ ಮುನ್ನಡೆ ಕೊಟ್ಟ ಹಿಟ್ ಹೊಡೆದವನೂ ಅವನೇ.