ಬೋಳು ಗುಡ್ಡದಲ್ಲಿ ಯಾವ ಗಿಡ ನೆಡಬೇಕು?

ಪ್ರಶ್ನೆ: ಸರ್, ಕುದುರೆಮುಖ, ಮುಳ್ಳಯ್ಯನಗಿರಿ ಕಡೆ ಹೋದಾಗೆಲ್ಲ ಬೋಳು ಗುಡ್ಡಗಳನ್ನು ನೋಡಿ ಬೇಜಾರಾಗುತ್ತದೆ. ಕಣಿವೆಗಳಲ್ಲಿ ಮಾತ್ರ ಅಷ್ಟಿಷ್ಟು ಕಾಡು ಉಳಿದಿದೆ. ಈ ಮಳೆಗಾಲದಲ್ಲಿ ನಮ್ಮ ಯುವಕ ಸಂಘದಿಂದ ಅಲ್ಲಿ ಗಿಡ ನೆಟ್ಟು, ಬೀಜದುಂಡೆ ಎಸೆಯಬೇಕು ಅಂತಿದ್ದೇವೆ. ಯಾವ ಜಾತಿ ಒಳ್ಳೆಯದು?

ಉತ್ತರ: ಯಾವ ಜಾತಿಯೂ ಬೇಡ. ನೆಡಬೇಡಿ, ಎಸೆಯಲೂಬೇಡಿ.

ಮುಂಗಾರು ಶುರುವಾದ ವಾರವೇ ಈ ಪ್ರಶ್ನೆ ಬರುತ್ತದೆ. ಊರು ಬೇರೆ, ಸಂಘ ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬರು ಹೊನ್ನೆ ಆಗಬಹುದಾ ಅಂತಾರೆ, ಇನ್ನೊಬ್ಬರು ಹಲಸು ಅಂತಾರೆ. ಕೇಳುವವರ ಮನಸ್ಸು ಒಳ್ಳೆಯದು, ಹಾಗಾಗಿ ಬೈಯಲೂ ಆಗುವುದಿಲ್ಲ. ಈ ಸಲ ಸ್ವಲ್ಪ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದಿನ ವರ್ಷ ಕೇಳುವವರಿಗೆ ಇದನ್ನೇ ಕಳಿಸಿ.

ಮೊದಲು ಕಾನೂನಿನ ಮಾತು ಮುಗಿಸೋಣ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿ ನಮ್ಮಿಷ್ಟಕ್ಕೆ ಏನನ್ನೂ ನೆಡುವ ಹಾಗಿಲ್ಲ. ಆದರೆ ನಾನು ಬೇಡ ಅನ್ನುತ್ತಿರುವುದು ಅದಕ್ಕಲ್ಲ.

ನಿಮ್ಮ ಪ್ರಶ್ನೆಯ ಬುಡದಲ್ಲಿ ಒಂದು ನಂಬಿಕೆ ಕೂತಿದೆ. ಹಿಂದೆ ಇಲ್ಲೆಲ್ಲ ದಟ್ಟ ಕಾಡಿತ್ತು, ಬ್ರಿಟಿಷರು ರೈಲು ಹಳಿಗೆ ಅಂತ ಕಡಿದರು, ಆಮೇಲೆ ನಮ್ಮವರು ಸೌದೆಗೆ ಕಡಿದರು, ಕೊನೆಗೆ ಉಳಿದಿದ್ದು ಈ ಹುಲ್ಲು. ಶಾಲೆಯ ಪ್ರಬಂಧದಿಂದ ಹಿಡಿದು ವನಮಹೋತ್ಸವದ ಭಾಷಣದವರೆಗೆ ಎಲ್ಲ ಕಡೆ ಇದೇ ಕಥೆ. ಮರ ಇಲ್ಲದ ಜಾಗ ಎಂದರೆ ಮರ ಕಳಕೊಂಡ ಜಾಗ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಘಟ್ಟದ ನೆತ್ತಿಯ ಮಟ್ಟಿಗೆ ಈ ಕಥೆ ಸುಳ್ಳು.

ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ಗುಡ್ಡದ ಮಡಿಕೆಯಲ್ಲಿರುವ ಆ ಕಾಡಿನ ಅಂಚಿಗೆ ಹೋಗಿ ನಿಲ್ಲಿ. ಅದಕ್ಕೆ ಶೋಲಾ ಕಾಡು ಅನ್ನುತ್ತಾರೆ. ಹೊರಗೆ ಸೊಂಟದೆತ್ತರ ಹುಲ್ಲು, ರಪರಪ ಗಾಳಿ. ನಾಲ್ಕು ಹೆಜ್ಜೆ ಒಳಗಿಟ್ಟರೆ ಗಾಳಿ ನಿಂತುಹೋಗುತ್ತದೆ. ಗಿಡ್ಡ ಮರಗಳು, ಕೊಂಬೆಗಳ ತುಂಬ ಪಾಚಿ, ಕಾಲ ಕೆಳಗೆ ಮೆತ್ತನೆಯ ಕಪ್ಪು ಮಣ್ಣು. ಕಡಿದು ಉಳಿಸಿದ ಕಾಡಿನ ಅಂಚು ಹೀಗೆ ಕತ್ತರಿಸಿಟ್ಟ ಹಾಗೆ ಇರುವುದಿಲ್ಲ. ಅಲ್ಲಿ ಬೊಡ್ಡೆಗಳಿರುತ್ತವೆ, ಬೊಡ್ಡೆಯಿಂದ ಚಿಗುರಿದ ಮರಗಳಿರುತ್ತವೆ, ಮುಳ್ಳುಪೊದೆ ಇರುತ್ತದೆ. ಇನ್ನೊಂದು ವಿಷಯ ಗಮನಿಸಿ. ಕಾಡಿರುವುದೆಲ್ಲ ಮಡಿಕೆಗಳಲ್ಲಿ, ನೀರು ಇಳಿಯುವ ಕಡೆ, ಮಣ್ಣು ಆಳವಾಗಿರುವ ಕಡೆ. ಹುಲ್ಲಿರುವುದು ಬೆನ್ನಿನ ಮೇಲೆ. ಮರ ಕಡಿಯಲು ಬಂದವನು ಇಷ್ಟು ಲೆಕ್ಕ ಹಾಕಿ, ಒಂದೊಂದು ಕಣಿವೆಯಲ್ಲೂ ಇಷ್ಟಿಷ್ಟೇ ಅಂತ ಬಿಟ್ಟು ಹೋಗುತ್ತಾನಾ?

"ಅಷ್ಟೊಂದು ಮಳೆ ಸುರಿಯುತ್ತಲ್ಲ ಸರ್, ಮರ ಯಾಕೆ ಬೆಳೆಯಲ್ಲ?" ಇದು ಒಳ್ಳೆಯ ಪ್ರಶ್ನೆ. ಮಳೆ ಸುರಿಯುವುದು ನಾಲ್ಕು ತಿಂಗಳು. ಆಮೇಲೆ ಡಿಸೆಂಬರಿನಿಂದ ಏಪ್ರಿಲ್ ತನಕ ಒಣ ಗಾಳಿ, ಬಿಸಿಲು. ಗುಡ್ಡದ ಬೆನ್ನಿನ ಮೇಲೆ ಮಣ್ಣು ತೆಳು, ಸ್ವಲ್ಪ ಕೆರೆದರೆ ಬಂಡೆ ಸಿಗುತ್ತದೆ. ಜೊತೆಗೆ ಆಗಾಗ ಬೆಂಕಿ. ಸಸಿಯ ಬೆಳೆಯುವ ಕುಡಿ ಇರುವುದು ತುದಿಯಲ್ಲಿ. ಅದು ಸುಟ್ಟರೆ ಅಥವಾ ಕಾಟಿ ಮೇಯ್ದರೆ ಸಸಿಯ ಕಥೆ ಹೆಚ್ಚುಕಮ್ಮಿ ಮುಗಿಯಿತು. ಹುಲ್ಲಿನ ಕುಡಿ ಇರುವುದು ನೆಲಮಟ್ಟದಲ್ಲಿ, ಬುಡದೊಳಗೆ. ಮೇಲಿನದೆಲ್ಲ ಸುಟ್ಟು ಕರಕಲಾದರೂ ಒಂದು ಮಳೆಗೆ ಗುಡ್ಡ ಮತ್ತೆ ಹಸಿರು. ಪ್ಯಾಂಟಿಗೆ ಚುಚ್ಚಿಕೊಳ್ಳುವ ಈಟಿ ಹುಲ್ಲು ಗೊತ್ತಲ್ಲ? ಅದರ ಬೀಜವೊಂದನ್ನು ಕಿತ್ತು ಅಂಗೈ ಮೇಲಿಟ್ಟು ಎರಡು ಹನಿ ನೀರು ಹಾಕಿ ನೋಡಿ. ಬೀಜದ ಬಾಲ ತಾನೇ ತಿರುಗತೊಡಗುತ್ತದೆ. ನೆಲದ ಮೇಲೆ ಬಿದ್ದಾಗಲೂ ಹೀಗೇ ಒದ್ದೆಯಾದಾಗ, ಒಣಗಿದಾಗ ತಿರುಗಿ ತಿರುಗಿ ಬೀಜವನ್ನು ಮಣ್ಣಿನೊಳಕ್ಕೆ ಕೊರೆದು ಇಳಿಸುತ್ತದೆ. ಬೆಂಕಿ ಮೇಲೆ ಹಾದುಹೋದರೂ ಬೀಜ ಒಳಗೆ ಸುರಕ್ಷಿತ. ಇಂಥ ಉಪಾಯ ಇನ್ನೂರು ಮುನ್ನೂರು ವರ್ಷದಲ್ಲಿ ಬರುವುದಲ್ಲ ಸ್ವಾಮಿ.

ಇದೆಲ್ಲ ಊಹೆ ಅನ್ನುವವರಿಗೆ ಗಟ್ಟಿ ಸಾಕ್ಷಿ ನೀಲಗಿರಿಯಲ್ಲಿದೆ. ಅಲ್ಲಿನ ಜೌಗು ನೆಲಗಳಲ್ಲಿ ಅರೆಕೊಳೆತ ಗಿಡಗಂಟಿ ಪದರ ಪದರವಾಗಿ ಶೇಖರವಾಗಿದೆ. ಆಳಕ್ಕೆ ಹೋದಷ್ಟೂ ಹಳೆಯ ಕಾಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಪದರಗಳ ಇಂಗಾಲವನ್ನು ಅಳೆದು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ರಾಗಿ, ಜೋಳದ ಹಾಗೆ ಗುಡ್ಡದ ಹುಲ್ಲುಗಳೂ ಮರಗಳಿಗಿಂತ ಬೇರೆ ರೀತಿಯಲ್ಲಿ ಇಂಗಾಲ ಹಿಡಿಯುತ್ತವೆ. ಆ ಗುರುತು ಕೊಳೆತ ಮೇಲೂ ಅಳಿಯುವುದಿಲ್ಲ. ಸಿಕ್ಕ ಉತ್ತರ ಇದು: ಸುಮಾರು 20 ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲಿತ್ತು. ಇತ್ತು ಏನು, ಅದರದೇ ಮೇಲುಗೈ. ಮಳೆ ಜಾಸ್ತಿಯಾದ ಕಾಲದಲ್ಲಿ ಕಾಡು ಹಿಗ್ಗಿದೆ, ಒಣ ಕಾಲದಲ್ಲಿ ಹುಲ್ಲು ಹಿಗ್ಗಿದೆ. ಆಗ ಕಬ್ಬಿಣದ ಕೊಡಲಿ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಮುತ್ತಜ್ಜನೂ ಹುಟ್ಟಿರಲಿಲ್ಲ.

ಸಾಕ್ಷಿಗೆ ಪ್ರಾಣಿ, ಹೂವುಗಳೂ ಇವೆ. ನೀಲಗಿರಿ ತಾರ್ ಅನ್ನುವ ಕಾಡುಮೇಕೆ, ನೀಲಗಿರಿ ಪಿಪಿಟ್ ಅನ್ನುವ ಪುಟ್ಟ ಹಕ್ಕಿ, ಇವು ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಎರಡಕ್ಕೂ ಹುಲ್ಲೇ ಮನೆ. 2022ರಲ್ಲಿ ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಗುಡ್ಡಗಳಲ್ಲಿ, ಹಲವು ವರ್ಷಕ್ಕೊಮ್ಮೆ ಹೂಬಿಡುವ ಕುರಿಂಜಿ ಅರಳಿದಾಗ ಜಾತ್ರೆಗೆ ಬಂದ ಹಾಗೆ ಜನ ಬಂದರು. ಅದು ಅರಳಿದ್ದು ಇದೇ "ಬೋಳು" ಗುಡ್ಡದ ಮೇಲೆ. ಅಲ್ಲಿ ಮರದ ನೆರಳು ಬಿದ್ದಿದ್ದರೆ ಸೆಲ್ಫಿಯೂ ಇಲ್ಲ, ಹೂವೂ ಇಲ್ಲ.

ಒಂದು ಮಾತು ಒಪ್ಪುತ್ತೇನೆ. ನೀಲಗಿರಿಗೆ ಹೇಳಿದ್ದೆಲ್ಲ ನಮ್ಮ ಕಡೆಯ ಪ್ರತಿ ಗುಡ್ಡಕ್ಕೂ ಹಾಗ್ಹಾಗೇ ಹೊಂದುವುದಿಲ್ಲ. ನಮ್ಮ ಗುಡ್ಡಗಳ ಎತ್ತರ ಕಡಿಮೆ. ಎಷ್ಟೋ ಕಡೆ ದನ ಮೇಯಿಸಿ, ಬೆಂಕಿ ಹಾಕಿ ಜನರೇ ಹುಲ್ಲನ್ನು ಹುಲ್ಲಾಗಿ ಉಳಿಸಿದ್ದಾರೆ. ಕೆಳಗಿನ ಕೆಲವು ಇಳಿಜಾರುಗಳಲ್ಲಿ ನಿಜವಾಗಿಯೂ ಕಾಡು ಹೋಗಿ ಹುಲ್ಲು ಬಂದಿದೆ. ಮಲೆನಾಡಿನವರಿಗೆ ಇದು ಹೊಸ ವಿಷಯವಲ್ಲ. ದಟ್ಟ ಕಾಡಿನ ಕಾನು ಯಾವುದು, ಸೊಪ್ಪಿನ ಬೆಟ್ಟ ಯಾವುದು, ಕರಡ (ಒಣಹುಲ್ಲು) ಕೊಯ್ಯುವ ಬ್ಯಾಣ ಯಾವುದು ಅಂತ ಅವರಿಗೆ ಗೊತ್ತು. ಅನುಮಾನ ಬಂದರೆ ಸಸಿ ತರುವ ಮುಂಚೆ ಆ ಊರಿನ ಹಿರಿಯರನ್ನು ಕೇಳಿ. ಆಮೇಲೆ ಸಸ್ಯಶಾಸ್ತ್ರ ಓದಿದವರನ್ನು ಕೇಳಿ. ಬ್ಯಾನರ್ ಮಾಡಿಸುವುದು ಕೊನೆಗೆ.

ಇಷ್ಟು ಹೇಳಿದ ಮೇಲೂ ಒಬ್ಬರು ಕೈ ಎತ್ತುತ್ತಾರೆ. "ಆದರೂ ಮರ ಇದ್ದರೆ ನೀರು ನಿಲ್ಲುತ್ತದೆ ಅಲ್ವಾ?" ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖದ ಇದೇ ಹುಲ್ಲು ಮತ್ತು ಶೋಲಾಗಳ ನಡುವೆ. ಊಟಿಯ ಹತ್ತಿರ ಮಣ್ಣು-ನೀರು ಸಂರಕ್ಷಣೆಯ ಸಂಶೋಧಕರು ಅಕ್ಕಪಕ್ಕದ ಎರಡು ಹುಲ್ಲುಗಣಿವೆಗಳನ್ನು ಆರಿಸಿಕೊಂಡರು. 1968ರಿಂದ ಎರಡರಲ್ಲೂ ಹರಿಯುವ ನೀರನ್ನು ಅಳೆದರು. ಆಮೇಲೆ ಒಂದನ್ನು ಹಾಗೇ ಬಿಟ್ಟು, ಇನ್ನೊಂದರ ಅರ್ಧಕ್ಕಿಂತ ಜಾಸ್ತಿ ಜಾಗಕ್ಕೆ ನೀಲಗಿರಿ ಮರ ನೆಟ್ಟರು. ಮೊದಲ ಹತ್ತು ವರ್ಷದ ಸುತ್ತಿನಲ್ಲಿ ಆ ಕಣಿವೆಯಿಂದ ಬರುವ ನೀರು ಶೇ. 16ರಷ್ಟು ಕಡಿಮೆಯಾಯಿತು. ಮರ ಕಡಿದು ಬುಡ ಚಿಗುರಿಸಿದ ಎರಡನೇ ಸುತ್ತಿನಲ್ಲಿ ಸುಮಾರು ಶೇ. 25ರಷ್ಟು. ಬೇಸಿಗೆಯಲ್ಲಿ ಜಿನುಗುವ ನೀರಿಗೂ ಏಟು ಬಿತ್ತು. ಬೇಗ ಬೆಳೆಯುವ ಮರ ಬೇಗ ನೀರು ಕುಡಿಯುತ್ತದೆ, ಅದರಲ್ಲಿ ಗುಟ್ಟೇನಿಲ್ಲ.

ನೆಟ್ಟು ನೋಡಿದವರ ಅನುಭವವೂ ಇದೆ. ಪಳನಿ ಬೆಟ್ಟಗಳಲ್ಲಿ ನೆಡುತೋಪು ಮತ್ತು ಬೇಸಾಯದಿಂದಾಗಿ ನಾಲ್ಕು ದಶಕಗಳಲ್ಲಿ ಹುಲ್ಲುಗಾವಲಿನ ಮೂರನೇ ಎರಡು ಪಾಲು ಹೋಯಿತು. ಅಲ್ಲಿ ನೆಟ್ಟ ವ್ಯಾಟಲ್ (ಹೊರದೇಶದಿಂದ ತಂದ ಅಕೇಶಿಯಾ ಜಾತಿ) ಮರದ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ, ಬೆಂಕಿ ಬಿದ್ದರೆ ಇನ್ನೂ ಹುರುಪಿನಿಂದ ಮೊಳೆಯುತ್ತದೆ. ನಮ್ಮ ಕುದುರೆಮುಖದ ಹುಲ್ಲಿನ ಇಳಿಜಾರುಗಳಲ್ಲೂ ಅಕೇಶಿಯಾ ನೆಟ್ಟಿದ್ದಾರೆ. ತಮಿಳುನಾಡು, ಕೇರಳದಲ್ಲಿ ಈಗ ವ್ಯಾಟಲ್ ಕಿತ್ತು ಹುಲ್ಲು ನೆಡುತ್ತಿದ್ದಾರೆ. ನಡೆಯುವುದು ಬಹಳ ನಿಧಾನ. ಹುಲ್ಲಿನ ಬುಡಗಳನ್ನು ನರ್ಸರಿಯಲ್ಲಿ ಬೆಳೆಸಿ ಗದ್ದೆಗೆ ನಾಟಿ ಮಾಡಿದ ಹಾಗೆ ಒಂದೊಂದಾಗಿ ನೆಡಬೇಕು.

ಸಸಿಗಳನ್ನು ಈಗಾಗಲೇ ತಂದಿದ್ದರೆ ಊರಲ್ಲೇ ನೆಡಿ. ಶಾಲೆ ಅಂಗಳ, ರಸ್ತೆ ಬದಿ, ಸಿಲ್ವರ್ ಓಕ್ ಬಿಟ್ಟರೆ ಬೇರೇನೂ ಇಲ್ಲದ ಕಾಫಿ ತೋಟ, ಎಲ್ಲ ಕಡೆ ಜಾಗ ಇದೆ. ಗುಡ್ಡಕ್ಕೆ ನಿಜವಾಗಿ ಏನಾದರೂ ಮಾಡಬೇಕು ಅಂತಿದ್ದರೆ ಜೀಪು ಬಿಟ್ಟು ನಡೆದು ಹೋಗಿ, ಅದೂ ಇರುವ ದಾರಿಯಲ್ಲೇ. ಚಕ್ರದ ಜಾಡು ಒಂದು ಸಲ ಬಿದ್ದರೆ ಮುಂದಿನ ಮಳೆಗೆ ಅದೇ ಕಾಲುವೆ.

ನೀವು ಕೇಳಿಲ್ಲ, ಆದರೂ ಬಯಲುಸೀಮೆಯ ವಿಷಯ ಹೇಳದೆ ಮುಗಿಸಲು ಮನಸ್ಸಿಲ್ಲ. ಘಟ್ಟದ ಹುಲ್ಲಿನ ಬಗ್ಗೆ ಮಾತಾಡಲು ನಾಲ್ಕು ಜನರಾದರೂ ಇದ್ದಾರೆ. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರಿನ ಅಮೃತಮಹಲ್ ಕಾವಲುಗಳಿಗೆ, ಅಂದರೆ ರಾಸು ಮೇಯಲು ಕಾದಿರಿಸಿದ ಹುಲ್ಲುಗಾವಲುಗಳಿಗೆ, ಅವರೂ ಇಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ರಾಸು ಸಾಕುವ ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು. ಅರಮನೆಗೆ ಹಾಲು-ಬೆಣ್ಣೆ, ಫಿರಂಗಿ ಎಳೆಯಲು ಎತ್ತು, ಎರಡೂ ಈ ಹುಲ್ಲಿನ ಮೇಲೇ ನಿಂತಿದ್ದವು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇಟ್ಟು, ದನವನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಹುಲ್ಲಿಗೆ ಚೇತರಿಸಿಕೊಳ್ಳಲು ಪುರಸೊತ್ತು ಸಿಗುತ್ತಿತ್ತು. ಕುರಿಗಾಹಿಗಳ ಹಿಂದೆ ತೋಳ, ಬಯಲಲ್ಲಿ ಕೃಷ್ಣಮೃಗ, ಎಲ್ಲ ಅಲ್ಲೇ ಬಾಳಿದವು.

ಆಮೇಲೆ ಕಂದಾಯ ಬಾರದ ನೆಲ ಅಂತ ಇದು ಖರಾಬು ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದೇ ತಡ, ಹಂಚುವವರು ಹಂಚಿದರು, ಒತ್ತುವವರು ಒತ್ತಿದರು, ಉಳಿದ ಕಡೆ ನೀಲಗಿರಿ ತೋಪು ಬಂತು. ಚಳ್ಳಕೆರೆಯ ಕುದಾಪುರದ ಬಳಿ ಸಾವಿರಾರು ಎಕರೆ ಕಾವಲು ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಯಿತು. ರಾಣೆಬೆನ್ನೂರಿನ ಕಥೆ ಇನ್ನೂ ವಿಚಿತ್ರ. 1974ರಲ್ಲಿ 119 ಚದರ ಕಿ.ಮೀ. ಜಾಗವನ್ನು ಕೃಷ್ಣಮೃಗಕ್ಕೆ ಅಂತಲೇ ಅಭಯಾರಣ್ಯ ಮಾಡಿದರು. ಅದರಲ್ಲಿ ಬಹಳಷ್ಟು ಕಡೆ ನೀಲಗಿರಿ ಮರ. ದೂರದಿಂದಲೇ ಅಪಾಯ ನೋಡಿ ಓಡಿ ಬದುಕುವ ಪ್ರಾಣಿಗೆ ಕೊಟ್ಟಿದ್ದು ಸಾಲು ಸಾಲು ಕಂಬ! ಹೊಲಕ್ಕೆ ಬರುತ್ತವೆ ಅಂತ ರೈತರು ಬೈಯುತ್ತಾರೆ, ಅದೂ ನ್ಯಾಯವೇ.

ನಿಮ್ಮೂರಿನಲ್ಲೂ ಗೋಮಾಳವೋ ಹುಲ್ಲುಬನ್ನಿಯೋ ಇರಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಅದರ ಹಳೆಯ ಪಹಣಿ, ಹೊಸ ಪಹಣಿ ಎರಡನ್ನೂ ತಾಲ್ಲೂಕು ಕಚೇರಿಯಲ್ಲಿ ತೆಗೆಸಿ, ಪಕ್ಕಪಕ್ಕ ಇಟ್ಟು ಎಕರೆ ಲೆಕ್ಕ ನೋಡಿ. ಬೀಜದುಂಡೆ ಮಾಡುವ ಹೊತ್ತಿನಲ್ಲಿ ಯುವಕ ಸಂಘ ಮಾಡಬಹುದಾದ ಕೆಲಸ ಇದು.