ಶಿಕಾಗೊದಲ್ಲಿ ಮೂರು ಮನೆ ಕಟ್ಟಲು ಯಾರ ಒಪ್ಪಿಗೆ ಬೇಕು?

ಶಿಕಾಗೊ ನಗರದ ಮಾಮೂಲಿ ಸೈಟು 25x125 ಅಡಿ, ಅಂದರೆ 3,125 ಚದರಡಿ. ಬೆಂಗಳೂರಿನ 30x40 ಸೈಟಿಗೆ ಒಗ್ಗಿದ ಕಣ್ಣಿಗೆ ಇದು ಉದ್ದನೆಯ ಓಣಿಯಂತೆ ಕಂಡೀತು. ಎಲ್ಲಿ ಏನು, ಎಷ್ಟು ಕಟ್ಟಬಹುದೆಂದು ಹೇಳುವುದು ಸೈಟು ಸೇರಿದ ವಲಯ. ಆ ಸೈಟು ಒಂಟಿ ಮನೆಗಳ ಆರ್‌ಎಸ್-3 ವಲಯದಲ್ಲಿದ್ದರೆ ಒಂದೊಂದು ಮನೆಗೂ 2,500 ಚದರಡಿ ನೆಲ ಬೇಕು. ಹಾಗಾಗಿ ಸಾಮಾನ್ಯವಾಗಿ ಅಲ್ಲಿ ಏಳುವುದು ಒಂದೇ ಮನೆ. ಹೆಚ್ಚು ಮನೆಗಳಿಗೆ ಅವಕಾಶವಿರುವ ಆರ್‌ಟಿ-4 ವಲಯವಾಗಿದ್ದರೆ ಮನೆಗೆ 1,000 ಚದರಡಿ ಸಾಕು. ಒಂದರ ಮೇಲೊಂದರಂತೆ ಮೂರು ಮನೆ ಕಟ್ಟಬಹುದು. ಕಟ್ಟಡದ ಒಟ್ಟು ವಿಸ್ತೀರ್ಣದ ಮಿತಿಯೂ ಸೈಟಿನ 0.9 ಪಟ್ಟಿನಿಂದ 1.2 ಪಟ್ಟಿಗೆ, ಅಂದರೆ ಸುಮಾರು 2,812 ಚದರಡಿಯಿಂದ 3,750ಕ್ಕೆ ಏರುತ್ತದೆ.

ಸೈಟನ್ನು ಆರ್‌ಎಸ್-3ರಿಂದ ಆರ್‌ಟಿ-4ಕ್ಕೆ ಬದಲಿಸುವುದನ್ನು ಯಾವ ಅಧಿಕಾರಿಯೂ ಸಹಿ ಹಾಕಿ ಕೊಡಲಾರ. ವಲಯ ನಕ್ಷೆ ಕಾನೂನಿನ ಭಾಗ, ಅದನ್ನು ತಿದ್ದುವುದು ಸಿಟಿ ಕೌನ್ಸಿಲ್. ನಗರದಲ್ಲಿ 50 ವಾರ್ಡ್‌ಗಳಿವೆ, ಪ್ರತಿ ವಾರ್ಡ್‌ಗೆ ಸುಮಾರು 55,000 ಜನ, ಒಬ್ಬ ಪ್ರತಿನಿಧಿ. ನಮ್ಮಲ್ಲಿ ಕಾರ್ಪೊರೇಟರ್ ಅನ್ನುತ್ತೇವಲ್ಲ, ಅಲ್ಲಿ ಅವರು ಆಲ್ಡರ್‌ಮನ್. (ಕಾನೂನಿನಲ್ಲಿ 2021ರಿಂದ ಆಲ್ಡರ್‌ಪರ್ಸನ್ ಎಂದಾಗಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ಓಡಾಡುತ್ತದೆ.) ಕಾಗದದ ಮೇಲೆ ಬೇಕಾದದ್ದು 26 ಮತ. ವಾಸ್ತವದಲ್ಲಿ ನಿಮಗೆ ಬೇಕಾದದ್ದು ಒಂದೇ ಮತ: ಆ ಸೈಟು ಯಾರ ವಾರ್ಡ್‌ನಲ್ಲಿದೆಯೋ ಅವರದ್ದು.

ಉಳಿದ 49 ಮಂದಿ ಅವರ ಮಾತಿನಂತೆ ನಡೆಯುತ್ತಾರೆ, ಏಕೆಂದರೆ ನಾಳೆ ತಮ್ಮ ವಾರ್ಡ್‌ನ ವಿಷಯ ಬಂದಾಗ ತಮ್ಮ ಮಾತೂ ನಡೆಯಬೇಕು. ಯಾವ ಕಾನೂನಿನಲ್ಲೂ ಬರೆದಿಲ್ಲದ ಈ ಪದ್ಧತಿಗೆ ‘ಆಲ್ಡರ್‌ಮ್ಯಾನಿಕ್ ಪ್ರಿರಾಗೆಟಿವ್’ ಎಂದು ಹೆಸರು. ಆಲ್ಡರ್‌ಮನ್‌ಗೆ ಇಷ್ಟವಿಲ್ಲದಿದ್ದರೂ ವಲಯ ಬದಲಾವಣೆಯ ಅರ್ಜಿ ಮತದಲ್ಲಿ ಬಿದ್ದುಹೋಗುವುದು ಅಪರೂಪ. ವಲಯದ (ಜೋನಿಂಗ್) ವಿಷಯ ನೋಡುವ ಕೌನ್ಸಿಲ್‌ನ ಜೋನಿಂಗ್ ಸಮಿತಿಯಲ್ಲಿ ಅದನ್ನು ಮುಂದೂಡುತ್ತಾರೆ, ಮತ್ತೆ ಮುಂದೂಡುತ್ತಾರೆ, ಅಷ್ಟೇ. ಮತದಾನವೇ ನಡೆಯದ ಮೇಲೆ ಯಾರು ಬೇಡವೆಂದರು ಎಂಬುದಕ್ಕೆ ದಾಖಲೆಯೂ ಇಲ್ಲ. ಇಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ.

ಆದ್ದರಿಂದ ಕೆಲಸದ ಕ್ರಮ ಮುಖ್ಯ. ವಾಸ್ತುಶಿಲ್ಪಿಯಿಂದ ಪೂರ್ತಿ ನಕ್ಷೆ ಬರೆಸಿಕೊಂಡು ಆಮೇಲೆ ವಾರ್ಡ್ ಕಚೇರಿಗೆ ಹೋಗುವವರು ದುಡ್ಡು ಕಳೆದುಕೊಳ್ಳುತ್ತಾರೆ. ಮೊದಲು ಕಚ್ಚಾ ಚಿತ್ರ, ವಾರ್ಡ್ ಕಚೇರಿಯ ಭೇಟಿ, ಅವರು ಕೇಳಿದರೆ ನೆರೆಹೊರೆಯವರ ಸಭೆ. ಸಭೆಯಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆಗಳು ಕಾರು ಎಲ್ಲಿ ನಿಲ್ಲಿಸುತ್ತೀರಿ, ಎತ್ತರವೆಷ್ಟು, ಹಿಂದಿನ ಗಲ್ಲಿಯಲ್ಲಿ ಕಸದ ಡಬ್ಬ ಎಲ್ಲಿಡುತ್ತೀರಿ ಎಂಬಂಥವು, ಉತ್ತರ ಕೈಯಲ್ಲಿರಲಿ. ಬಳಿಕ ಅರ್ಜಿ. ಅದಕ್ಕೆ ಮುನ್ನ ಸೈಟಿನಿಂದ 250 ಅಡಿ ದೂರದೊಳಗಿನ ಎಲ್ಲ ಆಸ್ತಿ ಮಾಲೀಕರಿಗೆ ಅಂಚೆಯಲ್ಲಿ ನೋಟಿಸ್ ಹೋಗಬೇಕು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ರಸ್ತೆಯ ಅಗಲವನ್ನು ಈ 250 ಅಡಿಯಲ್ಲಿ ಎಣಿಸುವಂತಿಲ್ಲ, ಅದನ್ನು ಬಿಟ್ಟು ಅಳೆಯಬೇಕು. ಇದನ್ನು ಮರೆತವರ ಪಟ್ಟಿಯಲ್ಲಿ ಎದುರು ಸಾಲಿನ ಹಿಂದಿನ ಮನೆಗಳು ಬಿಟ್ಟುಹೋಗುತ್ತವೆ. ಬಿಟ್ಟುಹೋದವರಲ್ಲಿ ಒಬ್ಬರು ವಿಚಾರಣೆಯ ದಿನ ಎದ್ದು ನಿಂತು ಕೇಳಿದರೆ ತಿಂಗಳುಗಳ ಶ್ರಮ ಹಿಂದಕ್ಕೆ.

ಅಂಗಡಿಯವರಿಗೂ ಇದೇ ಬಾಗಿಲು. ಸೀರೆ, ದಿನಸಿ ಅಂಗಡಿಗಳು ಸಾಲಾಗಿರುವ ಡೆವನ್ ಅವೆನ್ಯೂದಲ್ಲಿ ಫುಟ್‌ಪಾತಿನ ಮೇಲೆ ಚಾಚುವ ಒಂದು ಬಟ್ಟೆಯ ಚಪ್ಪರಕ್ಕೂ ಕೌನ್ಸಿಲ್‌ನ ಮಂಜೂರಾತಿ ಬೇಕು. 100 ಚದರಡಿ ಮೀರಿದ ಬೋರ್ಡಿಗೂ ಅಷ್ಟೇ.

ತನ್ನ ಬೀದಿಯನ್ನು ಬಲ್ಲವನೇ ತೀರ್ಮಾನಿಸಲಿ ಎಂಬ ವಾದದಲ್ಲಿ ಹುರುಳಿದೆ. ಆದರೆ ಕೀಲಿಕೈ ಒಬ್ಬರದೇ ಕೈಯಲ್ಲಿದ್ದರೆ ಏನಾಗುತ್ತದೆಂಬುದಕ್ಕೆ 14ನೇ ವಾರ್ಡ್ ಸಾಕ್ಷಿ. 1969ರಿಂದ 2023ರವರೆಗೆ ಅಲ್ಲಿ ಆಲ್ಡರ್‌ಮನ್ ಆಗಿದ್ದ ಎಡ್ವರ್ಡ್ ಬರ್ಕ್ ಮೇಲಿನ ಆರೋಪಗಳಲ್ಲಿ ಒಂದು, ಬರ್ಗರ್ ಕಿಂಗ್ ಮಳಿಗೆಯೊಂದರ ನವೀಕರಣಕ್ಕೆ ಅಡ್ಡಗಾಲು ಹಾಕಿ ಅದರ ಮಾಲೀಕರ ಆಸ್ತಿ ತೆರಿಗೆ ವಕಾಲತ್ತನ್ನು ತಮ್ಮ ವಕೀಲಿ ಕಚೇರಿಗೆ ತಿರುಗಿಸಿಕೊಳ್ಳಲು ಯತ್ನಿಸಿದರೆಂಬುದು. 2023ರ ಡಿಸೆಂಬರಿನಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾಯಿತು. 2024ರಲ್ಲಿ ಎರಡು ವರ್ಷ ಜೈಲು. 2019ರಲ್ಲಿ ಮೇಯರ್ ಲೋರಿ ಲೈಟ್‌ಫೂಟ್ ಅಧಿಕಾರ ವಹಿಸಿಕೊಂಡ ದಿನವೇ ಆದೇಶ ಹೊರಡಿಸಿ, ಇಲಾಖೆಗಳು ಪರವಾನಗಿ ವಿಷಯದಲ್ಲಿ ಆಲ್ಡರ್‌ಮನ್‌ಗಳ ಮಾತಿಗೆ ಕಾಯುವುದನ್ನು ನಿಲ್ಲಿಸಿದರು. ಜೋನಿಂಗ್ ಮಾತ್ರ ಅವರ ಕೈಗೆ ಸಿಗಲಿಲ್ಲ. ಅದು ಕೌನ್ಸಿಲ್ ತಾನೇ ಪಾಲಿಸುವ ರೂಢಿ, ಮೇಯರ್ ಆದೇಶ ಅಲ್ಲಿಗೆ ಮುಟ್ಟದು.

ಮೇಯರ್ ಚುನಾವಣೆಯ ಗದ್ದಲದಲ್ಲಿ ವಾರ್ಡ್ ಮತಪತ್ರವನ್ನು ಓದದೆ ಗುರುತು ಹಾಕಿ ಬರುವವರು ಇದನ್ನು ಗಮನಿಸಬೇಕು. ನಾಲ್ಕು ವರ್ಷಕ್ಕೊಮ್ಮೆ, ಫೆಬ್ರವರಿಯ ಕೊನೆಯ ಮಂಗಳವಾರ ಎರಡೂ ಒಟ್ಟಿಗೆ ನಡೆಯುತ್ತವೆ. 2027ರಲ್ಲಿ ಅದು ಫೆಬ್ರವರಿ 23. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಏಪ್ರಿಲ್ 6ಕ್ಕೆ ಮರುಸುತ್ತು. ಮತ ಹಾಕಲು ಪೌರತ್ವ ಬೇಕು. ಗ್ರೀನ್ ಕಾರ್ಡ್ ಸಾಲದು. ಆದರೆ ವಾರ್ಡ್ ಸಭೆಗೆ ಹೋಗಿ ಮಾತಾಡಲು, ಅರ್ಜಿಯೊಂದಕ್ಕೆ ಬೆಂಬಲವನ್ನೋ ಆಕ್ಷೇಪವನ್ನೋ ಬರೆದು ಕೊಡಲು ಆ ಅಡ್ಡಿಯಿಲ್ಲ. ಆ ಪತ್ರದಲ್ಲಿ ಅರ್ಜಿಯ ಸಂಖ್ಯೆ, ಸೈಟಿನ ವಿಳಾಸ, ಅಲ್ಲಿಂದ ನಿಮ್ಮ ಮನೆ ಎಷ್ಟು ದೂರ ಎಂಬ ಮೂರೂ ಇರಲಿ, ಒಂದು ಪ್ರತಿ ಜೋನಿಂಗ್ ಸಮಿತಿಗೂ ಹೋಗಲಿ.